ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಎಂಜಿನ್ ಮಾನಿಟರ್: ಯಾವ ಸೆನ್ಸರ್, ಯಾವ ತಂತಿ, ಯಾವ ಹಾದಿ

ವ್ಯಾನ್ಸ್ ಕಂಪನಿಯ ಆರ್‌ವಿ-7ರಂಥ ಕಿಟ್ ವಿಮಾನ ಕಟ್ಟುವವರು ಎಂಜಿನ್ ಮಾನಿಟರ್ (ಎಂಜಿನ್ನಿನ ತಾಪ, ಪ್ರೆಶರ್, ಆರ್‌ಪಿಎಂ ಓದಿ ಪರದೆಯಲ್ಲಿ ತೋರಿಸುವ ಉಪಕರಣ) ಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ಒಂದೇ ಪ್ರಶ್ನೆ ಹಿಡಿದು ಕೂರುತ್ತಾರೆ: ಗಾರ್ಮಿನ್ನೋ, ಡೈನನ್ನೋ? ಪರದೆ ನೋಡಿ ತೀರ್ಮಾನಿಸುವುದು ಸುಲಭ. ಆದರೆ ಆ ಪರದೆಯ ಮೇಲೆ ಮೂಡುವ ಅಂಕಿ ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗುವುದು ಎಂಜಿನ್ನನ್ನೂ ಕ್ಯಾಬಿನ್ನನ್ನೂ ಬೇರ್ಪಡಿಸುವ ಫೈರ್‌ವಾಲ್‌ನ ಆಚೆ ಬದಿಯಲ್ಲಿ, ನೀವು ಹಾಕುವ ಕ್ರಿಂಪ್‌ಗಳಲ್ಲಿ, ಅಂದರೆ ಉಪಕರಣದಿಂದ ಒತ್ತಿ ಕೂಡಿಸಿದ ತಂತಿಯ ತುದಿಗಳಲ್ಲಿ. ಯಾವ ಕಂಪನಿಯ ಪೆಟ್ಟಿಗೆ ತಂದರೂ ಆ ಕೆಲಸ ನಿಮ್ಮದೇ.

ಅಮೆರಿಕದಲ್ಲಿ ಸ್ವಂತಕ್ಕೆ ಕಟ್ಟಿಕೊಂಡ ವಿಮಾನ ಎಕ್ಸ್‌ಪೆರಿಮೆಂಟಲ್ ವರ್ಗಕ್ಕೆ ಸೇರುತ್ತದೆ. ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಕಟ್ಟಿರಬೇಕು ಎಂಬ ನಿಯಮದ ಜೊತೆಗೆ, ಯಾವ ಉಪಕರಣ ಹಾಕಬೇಕು ಎಂಬುದರಲ್ಲಿ ದೊಡ್ಡ ಸ್ವಾತಂತ್ರ್ಯವೂ ಸಿಗುತ್ತದೆ. ಆಯ್ಕೆಗಳು ರಾಶಿ ಬೀಳುವುದು ಅದಕ್ಕೇ. ಅವುಗಳನ್ನು ತೂಗಲು ನಾನು ಬಳಸುವ ಅಳತೆಗೋಲು ಒಂದೇ. ತಂತಿ ಕಡಿದರೆ, ಕೂಡುಗೆ ಸಡಿಲವಾದರೆ, ಹೊದಿಕೆ ಸವೆದರೆ ಪರದೆ ಏನು ತೋರಿಸುತ್ತದೆ? ‘ನಾನು ಕೆಟ್ಟಿದ್ದೇನೆ’ ಎಂದು ತಾನೇ ಹೇಳಿಕೊಳ್ಳುವ ಸೆನ್ಸರ್ ನನಗೆ ಬೇಕು. ನಂಬುವಂಥ ತಪ್ಪು ಅಂಕಿ ಕೊಡುವ ಸೆನ್ಸರ್ ಬೇಡ. ಮೂರು ಸಾವಿರ ಅಡಿ ಮೇಲೆ ಆಯಿಲ್ ಪ್ರೆಶರ್ ಕುಸಿದಂತೆ ಕಂಡಾಗ ಕೆಳಗಿನ ಹೊಲದಲ್ಲಿ ಇಳಿಯಬೇಕೋ, ಹತ್ತಿರದ ವಿಮಾನ ನಿಲ್ದಾಣದವರೆಗೆ ಹೋಗಬಹುದೋ ಎಂಬುದನ್ನು ಆ ಒಂದು ಅಂಕಿಯ ಮೇಲೆ ನಿರ್ಧರಿಸಬೇಕಾಗುತ್ತದೆ.

ಒಂದೇ ಪೆಟ್ಟಿಗೆಯೋ, ಮಾಡ್ಯೂಲ್ ಮತ್ತು ಪರದೆ ಬೇರೆಬೇರೆಯೋ

ಮೊದಲನೆಯ ಬಗೆ ಗ್ರ್ಯಾಂಡ್ ರ್‍ಯಾಪಿಡ್ಸ್‌ನವರ ಇಐಎಸ್ 4000, ಜೆಪಿಐನವರ ಇಡಿಎಂ-900ರಂಥ ಸ್ವತಂತ್ರ ಉಪಕರಣ. ಸೆನ್ಸರ್‌ಗಳ ಮಾಹಿತಿ ಓದುವುದೂ ತೋರಿಸುವುದೂ ಅದರದ್ದೇ ಕೆಲಸ. ಮುಖ್ಯ ಪರದೆ ಕಪ್ಪಾದರೂ ಇದು ತನ್ನ ಪಾಡಿಗೆ ಓಡುತ್ತಿರುತ್ತದೆ. ಇಐಎಸ್‌ನಂಥದ್ದರಲ್ಲಿ ಇದಕ್ಕೆ ತೆರಬೇಕಾದ ಬೆಲೆಯೆಂದರೆ ತಂತಿಗಳ ಇಡೀ ಕಟ್ಟು ಡ್ಯಾಶ್‌ಬೋರ್ಡಿನವರೆಗೆ ಬರಬೇಕು. ನಾಲ್ಕು ಸಿಲಿಂಡರಿನ ಲೈಕಮಿಂಗ್ ಎಂಜಿನ್ನಿಗೆ ಸಿಎಚ್‌ಟಿ (ಸಿಲಿಂಡರ್ ಹೆಡ್‌ನ ತಾಪ) ನಾಲ್ಕು, ಇಜಿಟಿ (ಹೊರಹೋಗುವ ಹೊಗೆಯ ತಾಪ) ನಾಲ್ಕು, ಒಂದೊಂದಕ್ಕೂ ಎರಡೆರಡು, ಅಲ್ಲಿಗೇ ಹದಿನಾರು ತಂತಿ. ಆಯಿಲ್, ಇಂಧನ, ಮ್ಯಾನಿಫೋಲ್ಡ್ ಪ್ರೆಶರ್, ಆರ್‌ಪಿಎಂ, ಕರೆಂಟ್ ಎಲ್ಲ ಸೇರಿದರೆ ಮೂವತ್ತು ಸಲೀಸಾಗಿ ದಾಟುತ್ತದೆ.

ಎರಡನೆಯ ಬಗೆ ಡೈನನ್ ಸ್ಕೈವ್ಯೂನ ಎಸ್‌ವಿ-ಇಎಂಎಸ್-220 ಮತ್ತು ಗಾರ್ಮಿನ್ ಜಿ3ಎಕ್ಸ್‌ನ ಜಿಇಎ 24. ಫೈರ್‌ವಾಲ್‌ಗೆ ಹತ್ತಿರವಾಗಿ, ಕ್ಯಾಬಿನ್ ಬದಿಯಲ್ಲಿ ಮಾಡ್ಯೂಲ್ ಕೂರುತ್ತದೆ. ಸೆನ್ಸರ್ ತಂತಿಗಳೆಲ್ಲ ಅಲ್ಲಿಗೇ ಮುಗಿಯುತ್ತವೆ. ಮುಂದೆ ಪರದೆಗೆ ಹೋಗುವುದು ಸಣ್ಣ ಡೇಟಾ ಕೇಬಲ್ ಮಾತ್ರ. ಕೆಲಸ ಅಚ್ಚುಕಟ್ಟಾಗುತ್ತದೆ, ಆದರೆ ಎಂಜಿನ್ ಮಾಹಿತಿ ಈಗ ನೆಟ್‌ವರ್ಕನ್ನೂ ಪರದೆಯನ್ನೂ ನಂಬಿರುತ್ತದೆ.

ವೈರಿಂಗ್ ದೃಷ್ಟಿಯಿಂದ ಈ ಎರಡರ ನಡುವೆ ಕಾಣುವ ದೊಡ್ಡ ವ್ಯತ್ಯಾಸ ವಿದ್ಯುತ್ ಪೂರೈಕೆಯದ್ದು. ಡೈನನ್ ಮಾಡ್ಯೂಲ್ ಸ್ಕೈವ್ಯೂ ನೆಟ್‌ವರ್ಕಿನಿಂದಲೇ ವಿದ್ಯುತ್ ಪಡೆಯುತ್ತದೆ. ಪರದೆಗೆ ಬ್ಯಾಕಪ್ ಬ್ಯಾಟರಿ ಹಾಕಿದ್ದರೆ ಇದಕ್ಕೂ ಅದು ಸಿಕ್ಕಂತೆ. ಜಿಇಎ 24ಗೆ ವಿಮಾನದ ಬಸ್‌ನಿಂದಲೇ, ಅಂದರೆ ವಿದ್ಯುತ್ ಹಂಚುವ ಪಟ್ಟಿಯಿಂದಲೇ, ನೇರ ತಂತಿ ಎಳೆಯಬೇಕು. ಹಾಗಾಗಿ ಯಾವ ಬಸ್ ಎಂಬ ನಿರ್ಧಾರವೂ ನಿಮ್ಮ ತಲೆಗೇ ಬರುತ್ತದೆ. ಮುಖ್ಯ ಬಸ್ ಹೋದ ಮೇಲೂ ಜೀವಂತ ಇರುವ ಬಸ್‌ಗೇ ಜೋಡಿಸಿ. ಗಾರ್ಮಿನ್‌ನಲ್ಲಿ ಉಪಕರಣಗಳ ನಡುವಿನ ಡೇಟಾ ಹಾದಿ ಕ್ಯಾನ್ ಬಸ್ ಆಗಿರುವುದರಿಂದ ಅದರ ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಇರಬೇಕು, ನಡುವೆ ಎಲ್ಲೂ ಇರಬಾರದು. ವಿದ್ಯುತ್ ಆಫ್ ಮಾಡಿ ಎರಡು ಡೇಟಾ ತಂತಿಗಳ ನಡುವೆ ಮೀಟರ್ ಹಿಡಿದರೆ 60 ಓಮ್ ಆಸುಪಾಸು ಬರಬೇಕು. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, 40 ಬಂದರೆ ಒಂದು ಹೆಚ್ಚಾಗಿದೆ.

ಒಂದೇ ಪರದೆಯ ವಿಮಾನವಾದರೆ ಸ್ವತಂತ್ರ ಉಪಕರಣವನ್ನೇ ತೆಗೆದುಕೊಳ್ಳಿ. ಎರಡು ಪರದೆ ಮತ್ತು ಬ್ಯಾಕಪ್ ಬ್ಯಾಟರಿ ಇದ್ದರೆ ಮಾಡ್ಯೂಲ್ ಒಳ್ಳೆಯದು.

ರೊಟಾಕ್ಸ್ 912 ಐಎಸ್ ಎಂಜಿನ್ ಹಾಕುವವರಿಗೆ ಲೆಕ್ಕವೇ ಬೇರೆ. ಅದರ ಕಂಪ್ಯೂಟರ್ ಹೆಚ್ಚಿನ ಅಂಕಿಗಳನ್ನು ತಾನೇ ಅಳೆದು ಕ್ಯಾನ್ ಬಸ್ ಮೂಲಕ ಕೊಡುತ್ತದೆ, ಪ್ರತ್ಯೇಕ ಸೆನ್ಸರ್ ತಂತಿಗಳ ಕಾಟ ಬಹಳಷ್ಟು ತಪ್ಪುತ್ತದೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿಸಿದ ಹಂಸ-ಎನ್‌ಜಿಯಲ್ಲಿ ಇರುವುದೂ ಇದೇ ಕುಟುಂಬದ ಎಂಜಿನ್. ಅದು ಮನೆಯಲ್ಲಿ ಕಟ್ಟುವ ವಿಮಾನವಲ್ಲ, ಆದರೂ ಎಂಜಿನ್ನೇ ತನ್ನ ಸ್ಥಿತಿಯನ್ನು ಹೇಳುವ ಪದ್ಧತಿ ನಮ್ಮೂರಿಗೂ ಬಂದಿದೆ. ಮುಂದಿನ ಮಾತು ಹೆಚ್ಚಾಗಿ ಲೈಕಮಿಂಗ್‌ನಂಥ ಹಳೆಯ ಬಗೆಯ ಎಂಜಿನ್ನುಗಳಿಗೆ ಸಂಬಂಧಿಸಿದ್ದು.

ಥರ್ಮೋಕಪಲ್ ತಂತಿ

ಇಲ್ಲಿ ನಿಧಾನವಾಗಿ ಓದಿ. ಎಲ್ಲ ಸೆನ್ಸರ್‌ಗಳಲ್ಲಿ ಅತಿ ನಂಬುವಂಥ ಸುಳ್ಳು ಹೇಳುವುದು ಸಿಎಚ್‌ಟಿ, ಇಜಿಟಿ ಅಳೆಯುವ ಥರ್ಮೋಕಪಲ್.

ಎರಡು ಬೇರೆ ಲೋಹಗಳನ್ನು ಒಂದು ತುದಿಯಲ್ಲಿ ಬೆಸೆದು ಆ ತುದಿಯನ್ನು ಬಿಸಿ ಮಾಡಿದರೆ ಇನ್ನೊಂದು ತುದಿಯಲ್ಲಿ ಸಣ್ಣ ವೋಲ್ಟೇಜ್ ಸಿಗುತ್ತದೆ. ಲೋಹದ ಜೋಡಿ ಯಾವುದೆಂಬುದರ ಮೇಲೆ ಕೆ, ಜೆ ಎಂಬ ಟೈಪ್‌ಗಳಿವೆ. ಕೆ ಟೈಪ್‌ನಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್, ಜೆ ಟೈಪ್‌ನಲ್ಲಿ ಅದಕ್ಕಿಂತ ಹೆಚ್ಚು, ಐವತ್ತರ ಮೇಲೆ. ಈ ವೋಲ್ಟೇಜ್ ಹುಟ್ಟುವುದು ಬೆಸುಗೆಯ ಬಿಂದುವಿನಲ್ಲಿ ಮಾತ್ರ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ತಂತಿಯ ಉದ್ದಕ್ಕೂ, ಎಲ್ಲೆಲ್ಲಿ ತಾಪ ಬದಲಾಗುತ್ತದೋ ಅಲ್ಲೆಲ್ಲ ಅದು ಹುಟ್ಟುತ್ತಾ ಹೋಗುತ್ತದೆ. ಆದ್ದರಿಂದ ತಂತಿಯೇ ಸೆನ್ಸರ್. ಸಿಲಿಂಡರಿನಿಂದ ಪೆಟ್ಟಿಗೆಯ ಪಿನ್ನಿನವರೆಗೆ ಅದೇ ಲೋಹದ ಜೋಡಿ ಹೋಗಬೇಕು.

ಈಗ ಆಯ್ಕೆಗೆ ಬರೋಣ. ಸೆನ್ಸರ್ ತಂತಿ ಗಿಡ್ಡವಾದರೆ ಎರಡು ದಾರಿ: ಅದೇ ಟೈಪಿನ ವಿಸ್ತರಣಾ ತಂತಿ ತರುವುದು, ಇಲ್ಲವೇ ಕೈಗೆ ಸಿಕ್ಕ ತಾಮ್ರದ ತಂತಿ ಜೋಡಿಸುವುದು. ತಾಮ್ರ ಜೋಡಿಸಿದಾಗ ಏನಾಗುತ್ತದೆ ನೋಡಿ. ಕೂಡುಗೆ ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗ್ ಒಳಗೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ, ಪೆಟ್ಟಿಗೆ ಕ್ಯಾಬಿನ್ನಿನಲ್ಲಿ 30 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಆ 50 ಡಿಗ್ರಿಯ ಅಂತರ ಪೂರ್ತಿ ಕಳೆದುಹೋಗುತ್ತದೆ. ಸಿಲಿಂಡರ್ ಹೆಡ್ ನಿಜಕ್ಕೂ 230 ಡಿಗ್ರಿಯಲ್ಲಿ ಬೇಯುತ್ತಿದ್ದರೆ ಪರದೆ 180 ಎನ್ನುತ್ತದೆ. ಲೈಕಮಿಂಗ್‌ನ ಕೆಂಪು ಗೆರೆ 500 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 260 ಸೆಲ್ಸಿಯಸ್. ಎಂಜಿನ್ ಬಾಳಿಕೆ ಬರಬೇಕಾದರೆ 435 ಫ್ಯಾರನ್‌ಹೀಟ್‌ಗಿಂತ ಕೆಳಗಿರಲಿ ಎಂಬುದು ಕಂಪನಿಯದೇ ಮಾತು. 230 ಸೆಲ್ಸಿಯಸ್ ಈ ಎರಡನೆಯ ಮಿತಿಯನ್ನು (ಸುಮಾರು 224 ಸೆಲ್ಸಿಯಸ್) ದಾಟಿದೆ, ಪರದೆಯಲ್ಲಿ ಮಾತ್ರ ಎಲ್ಲ ಹಸಿರು. ಹ್ಯಾಂಗರಿನಲ್ಲಿ ಬೆಳಗಿನ ತಂಪಿನಲ್ಲಿ ಪರೀಕ್ಷೆ ಮಾಡಿದರೆ ಕೂಡುಗೆಯೂ ಪೆಟ್ಟಿಗೆಯೂ ಒಂದೇ ತಾಪದಲ್ಲಿರುವುದರಿಂದ ದೋಷ ಕಾಣುವುದೇ ಇಲ್ಲ.

ತಂತಿ ಅದಲುಬದಲಾದಾಗಲೂ ಹೀಗೆಯೇ. ಒಂದು ಕಡೆ ಮಾತ್ರ ತಿರುಗಿದರೆ ಎಂಜಿನ್ ಬಿಸಿಯಾದಂತೆ ಅಂಕಿ ಇಳಿಯುತ್ತದೆ, ಕೂಡಲೇ ಗೊತ್ತಾಗುತ್ತದೆ. ವಿಸ್ತರಣಾ ತಂತಿಯ ಎರಡು ತುದಿಯಲ್ಲೂ ತಿರುಗಿದರೆ ಅಂಕಿ ಸರಿಯಾಗಿಯೇ ಏರುತ್ತದೆ, ಆದರೆ ಮೇಲಿನ ಲೆಕ್ಕದಲ್ಲಿ 100 ಡಿಗ್ರಿ ಕಡಿಮೆ ತೋರಿಸುತ್ತದೆ. ಇದಕ್ಕೆ ದಾರಿ ಮಾಡಿಕೊಡುವುದು ಬಣ್ಣ. ಅಮೆರಿಕದ ಪದ್ಧತಿಯಲ್ಲಿ ಥರ್ಮೋಕಪಲ್‌ನ ಕೆಂಪು ತಂತಿ ಮೈನಸ್. ಕೆ ಟೈಪ್‌ಗೆ ಹಳದಿ ಪ್ಲಸ್, ಜೆ ಟೈಪ್‌ಗೆ ಬಿಳಿ ಪ್ಲಸ್. ಬ್ಯಾಟರಿಯ ಕೆಂಪು ಎಂದರೆ ಪ್ಲಸ್ ಎಂದು ಜೀವಮಾನವಿಡೀ ರೂಢಿಯಾದ ಕೈ ಇಲ್ಲಿ ತಪ್ಪುತ್ತದೆ. ಹೊದಿಕೆಯ ಬಣ್ಣ ಮಾಸಿದ್ದರೆ ಒಂದು ಅಯಸ್ಕಾಂತ ತೆಗೆದುಕೊಳ್ಳಿ. ಕೆ ಟೈಪ್‌ನ ಮೈನಸ್ ತಂತಿಯಾದ ಅಲುಮೆಲ್ ಅಯಸ್ಕಾಂತಕ್ಕೆ ಸ್ವಲ್ಪ ಅಂಟುತ್ತದೆ. ಜೆ ಟೈಪ್‌ನಲ್ಲಿ ಅಂಟುವುದು ಪ್ಲಸ್, ಅದು ಕಬ್ಬಿಣ, ಬಿಗಿಯಾಗಿ ಹಿಡಿಯುತ್ತದೆ.

ಕೆ ಮತ್ತು ಜೆ ನಡುವೆ ಯಾವುದು? ಇಜಿಟಿಗೆ ಕೆ ಎಂಬುದರಲ್ಲಿ ಚರ್ಚೆಯಿಲ್ಲ. ಸಿಎಚ್‌ಟಿಗೆ ಎರಡೂ ಬಳಕೆಯಲ್ಲಿವೆ. ನನ್ನ ಆಯ್ಕೆ ಎಲ್ಲದಕ್ಕೂ ಕೆ. ವಿಮಾನದಲ್ಲಿ ಒಂದೇ ಬಗೆಯ ಥರ್ಮೋಕಪಲ್ ತಂತಿ ಇದ್ದರೆ ಕಲಬೆರಕೆಯಾಗುವುದಿಲ್ಲ. ಜೆ ಸೆನ್ಸರ್ ಹಾಕಿ ಸಾಫ್ಟ್‌ವೇರಿನಲ್ಲಿ ಕೆ ಎಂದು ಬಿಟ್ಟರೆ 200 ಡಿಗ್ರಿ ಇದ್ದದ್ದು ಸುಮಾರು 260 ಎಂದು ಕಾಣುತ್ತದೆ, ಸರಿಯಿರುವ ಎಂಜಿನ್ನಿಗೆ ನೀವು ಬ್ಯಾಫಲ್ (ಸಿಲಿಂಡರಿಗೆ ತಂಪು ಗಾಳಿ ತಿರುಗಿಸುವ ತಗಡು) ಬಿಚ್ಚಿ ಕಟ್ಟುತ್ತಾ ಕೂರುತ್ತೀರಿ.

ಸಿಎಚ್‌ಟಿಗೆ ಸಿಲಿಂಡರ್ ಹೆಡ್‌ನ ಕುಳಿಯಲ್ಲಿ ಕೂರುವ ಬಯೊನೆಟ್ ಸೆನ್ಸರೋ, ಸ್ಪಾರ್ಕ್ ಪ್ಲಗ್ ಕೆಳಗೆ ಕೂರುವ ಉಂಗುರವೋ ಎಂಬುದಕ್ಕೆ ಲೈಕಮಿಂಗ್‌ನಲ್ಲಿ ಉತ್ತರ ಚಿಕ್ಕದು: ಬಯೊನೆಟ್. ಕಂಪನಿ ಹೇಳುವ ಮಿತಿ ಹೆಡ್‌ನಲ್ಲಿರುವ ಆ ಕುಳಿಯ ತಾಪಕ್ಕೆ ಸಂಬಂಧಿಸಿದ್ದು. ಪ್ಲಗ್ ಉಂಗುರ ಬೇರೆ ಜಾಗ ಅಳೆಯುವುದರಿಂದ ಬೇರೆ ಅಂಕಿ ಕೊಡುತ್ತದೆ.

ಕೂಡುಗೆಯ ವಿಚಾರ. ಥರ್ಮೋಕಪಲ್ ಲೋಹಗಳಿಗೆ ಸಾಮಾನ್ಯ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಕ್ರಿಂಪ್ ಮಾಡಿ. ಪೆಟ್ಟಿಗೆಯ ಡಿ-ಸಬ್ ಕನೆಕ್ಟರಿನ ಪಿನ್ನುಗಳು ತಾಮ್ರದ ಮಿಶ್ರಲೋಹದವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಕ್ಕಪಕ್ಕದ ಆ ಪಿನ್ನುಗಳೂ ಪೆಟ್ಟಿಗೆಯೊಳಗಿನ ತಾಪ ಅಳೆಯುವ ಜಾಗವೂ ಹೆಚ್ಚುಕಡಿಮೆ ಒಂದೇ ತಾಪದಲ್ಲಿರುವುದರಿಂದ ತೊಂದರೆಯಿಲ್ಲ. ಫೈರ್‌ವಾಲ್ ಮೇಲೆ ಕೂರಿಸುವ ದುಂಡು ಕನೆಕ್ಟರಿನ ಮಾತು ಬೇರೆ. ಅದರ ಒಂದು ಮುಖ ಬಿಸಿಯಲ್ಲಿ, ಇನ್ನೊಂದು ತಂಪಿನಲ್ಲಿ. ಎಂಜಿನ್ ಇಳಿಸುವಾಗ ಒಂದೇ ಸಲಕ್ಕೆ ಬಿಚ್ಚಬಹುದು ಎಂಬ ಆಸೆ ಒಳ್ಳೆಯದೇ, ಉಳಿದ ಸೆನ್ಸರ್‌ಗಳಿಗೆ ಅದನ್ನು ಬಳಸಿ. ಥರ್ಮೋಕಪಲ್ ತಂತಿಗಳನ್ನು ಮಾತ್ರ ತುಂಡರಿಸದೆ ಒಳಗೆ ತನ್ನಿ. ಅವು ಸೆನ್ಸರ್ ಬದಿಯಲ್ಲಿ ಹೇಗೂ ಬಿಚ್ಚಿಕೊಳ್ಳುತ್ತವೆ.

ಇನ್ನೊಂದು ಸುಳ್ಳಿದೆ. ಥರ್ಮೋಕಪಲ್ ಪೂರ್ತಿ ಕಡಿದರೆ ಒಳ್ಳೆಯ ಮಾನಿಟರ್ ಅದನ್ನು ಗುರುತಿಸಿ ಅಂಕಿ ಅಳಿಸುತ್ತದೆ. ಆದರೆ ಹೊದಿಕೆ ಸವೆದು ಎರಡು ತಂತಿ ನಡುದಾರಿಯಲ್ಲಿ ಒಂದಕ್ಕೊಂದು ತಾಗಿದರೆ ಅಳತೆ ಆ ಜಾಗಕ್ಕೆ ಸರಿದುಬಿಡುತ್ತದೆ. ಸಿಲಿಂಡರಿನ ಬದಲು ಕ್ಲ್ಯಾಂಪಿನ ಬಿಸಿ ಕಾಣುತ್ತದೆ. ಒಂದು ಸಿಲಿಂಡರ್ ಮಾತ್ರ ಅಚ್ಚರಿಯಷ್ಟು ತಂಪಾಗಿದ್ದರೆ ಸಂತೋಷಪಡುವ ಮೊದಲು ಆ ತಂತಿಯ ದಾರಿಯನ್ನು ಬೆರಳಿನಲ್ಲಿ ಸವರಿ ನೋಡಿ.

ಆಯಿಲ್ ಪ್ರೆಶರ್: ಒಂದು ತಂತಿಯದ್ದೋ, ಮೂರು ತಂತಿಯದ್ದೋ

ಹಳೆಯ ವಿಡಿಒ ಬಗೆಯ ಸೆನ್ಸರ್ ಒಂದು ರೆಸಿಸ್ಟರ್. ಪ್ರೆಶರ್ ಇಲ್ಲದಾಗ 10 ಓಮ್, ಪೂರ್ತಿ ಇದ್ದಾಗ 180 ಓಮ್. ತಂತಿ ಒಂದೇ, ಅದರ ಮೈಯೇ ಗ್ರೌಂಡ್. ಅಗ್ಗ, ಸರಳ. ಆದರೆ ನಮ್ಮ ಅಳತೆಗೋಲಿನಲ್ಲಿ ಇಟ್ಟು ನೋಡಿ: ಗ್ರೌಂಡ್ ಸಡಿಲವಾದರೆ ಓಮ್ ಏರುತ್ತದೆ, ಓಮ್ ಏರಿದರೆ ಪ್ರೆಶರ್ ಹೆಚ್ಚೆಂದು ಕಾಣುತ್ತದೆ. ಆಯಿಲ್ ಸೋರಿ ಪ್ರೆಶರ್ ಬೀಳುತ್ತಿರುವಾಗ ತುಕ್ಕು ಹಿಡಿದ ಕೂಡುಗೆ ಅದನ್ನು ಮುಚ್ಚಿಡಬಲ್ಲದು.

ಕಾವ್ಲಿಕೋ ಬಗೆಯ ಸೆನ್ಸರ್‌ಗೆ ಮೂರು ತಂತಿ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಸೊನ್ನೆ ಪ್ರೆಶರ್‌ಗೆ 0.5 ವೋಲ್ಟ್, 150 ಪಿಎಸ್‌ಐಗೆ 4.5 ವೋಲ್ಟ್. ಈ ಸೊನ್ನೆಯ 0.5 ವೋಲ್ಟ್ ಬಹಳ ಬೆಲೆಯುಳ್ಳದ್ದು. ತಂತಿ ಕಡಿದು ಸಿಗ್ನಲ್ 0 ವೋಲ್ಟಿಗೆ ಬಿದ್ದರೆ, ಯಾವ ನಿಜವಾದ ಪ್ರೆಶರೂ ಅಷ್ಟು ಕೆಳಗೆ ಹೋಗಲಾರದೆಂದು ಪೆಟ್ಟಿಗೆಗೆ ಗೊತ್ತು. ಅದು ಪ್ರೆಶರ್ ಸೊನ್ನೆ ಎನ್ನುವ ಬದಲು ಸೆನ್ಸರ್ ಕೆಟ್ಟಿದೆ ಎನ್ನಬಲ್ಲದು. ದುಬಾರಿಯಾದರೂ ಮೂರು ತಂತಿಯದ್ದನ್ನೇ ಹಾಕಿ.

ಗ್ರೌಂಡ್ ತಂತಿಯನ್ನು ಪೆಟ್ಟಿಗೆಯ ಗ್ರೌಂಡ್ ಪಿನ್ನಿಗೇ ತನ್ನಿ, ಹತ್ತಿರ ಸಿಕ್ಕ ಬೋಲ್ಟಿಗೆ ಕಟ್ಟಬೇಡಿ. ಆಲ್ಟರ್ನೇಟರ್ ಕರೆಂಟ್ ಎಂಜಿನ್ನಿಗೆ ಮರಳುವುದು ಗ್ರೌಂಡ್ ಪಟ್ಟಿಯ ಮೂಲಕ. ಆ ದಾರಿಯಲ್ಲಿ 5 ಮಿಲಿಓಮ್ ಇದ್ದು 30 ಆಂಪಿಯರ್ ಹರಿದರೆ 150 ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಮೇಲಿನ ಸೆನ್ಸರಿನ ಲೆಕ್ಕದಲ್ಲಿ ಅದು ಐದೂವರೆ ಪಿಎಸ್‌ಐಗಿಂತ ಸ್ವಲ್ಪ ಹೆಚ್ಚು. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಆಯಿಲ್ ಪ್ರೆಶರ್ ಅಲುಗಿದರೆ ತಪ್ಪು ಎಂಜಿನ್ನಿನದ್ದಲ್ಲ, ಗ್ರೌಂಡ್‌ನದ್ದು.

ಇಂಧನ ಮಟ್ಟದ ಫ್ಲೋಟ್‌ಗಳಲ್ಲಿ ರೆಸಿಸ್ಟರ್ ಬಗೆಯನ್ನೇ ಇಟ್ಟುಕೊಳ್ಳಬಹುದು, ಆದರೆ ದಿಕ್ಕು ನೋಡಿ. ಅಮೆರಿಕದ ರೂಢಿಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಕೂಡುಗೆ ಕೆಟ್ಟರೆ ಟ್ಯಾಂಕ್ ಇದ್ದದ್ದಕ್ಕಿಂತ ಖಾಲಿಯೆಂದು ಕಾಣುತ್ತದೆ, ನೀವು ಬೇಗ ಇಳಿಯುತ್ತೀರಿ. ಖಾಲಿಗೆ 10, ತುಂಬಿದ್ದಕ್ಕೆ 180 ಎನ್ನುವ ಯುರೋಪಿನ ಬಗೆಯಲ್ಲಿ ಅದೇ ದೋಷ ಇಲ್ಲದ ಪೆಟ್ರೋಲನ್ನು ಇದೆ ಎನ್ನುತ್ತದೆ. ಬೆಲೆ ಒಂದೇ ಆದರೂ ನಾನು ಎರಡನೆಯದನ್ನು ಟ್ಯಾಂಕಿಗೆ ಹಾಕುವುದಿಲ್ಲ.

ಪ್ರೆಶರ್ ಸೆನ್ಸರನ್ನು ನೇರವಾಗಿ ಎಂಜಿನ್ನಿಗೆ ತಿರುಗಿಸಬೇಡಿ. ಕಂಪನಕ್ಕೆ ಫಿಟಿಂಗ್ ಬಿರಿಯುತ್ತದೆ. ಕಿರಿದಾದ ರಂಧ್ರದ ಫಿಟಿಂಗ್ ಎಂಜಿನ್ ಬದಿಗೆ ಇಟ್ಟು, ಹೋಸ್ ಮೂಲಕ ಫೈರ್‌ವಾಲ್ ಮೇಲಿನ ಬ್ಲಾಕಿಗೆ ಜೋಡಿಸಿ.

ಆರ್‌ಪಿಎಂ ಮತ್ತು ಕರೆಂಟ್

ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋ ಇರುವ ಎಂಜಿನ್ನಿನಲ್ಲಿ ಆರ್‌ಪಿಎಂ ಪಡೆಯಲು ಪಿ-ಲೀಡ್‌ನಿಂದ (ಮ್ಯಾಗ್ನೆಟೋದಿಂದ ಇಗ್ನಿಷನ್ ಸ್ವಿಚ್‌ಗೆ ಹೋಗುವ ತಂತಿ) ತಂತಿ ಎಳೆಯುವುದು ಅಗ್ಗದ ದಾರಿ, ಮ್ಯಾಗ್ನೆಟೋಗೆ ಕಾಂತಕ್ಷೇತ್ರ ಗುರುತಿಸುವ ಹಾಲ್ ಸೆನ್ಸರ್ ತಿರುಗಿಸುವುದು ಶುದ್ಧವಾದ ದಾರಿ. ಪಿ-ಲೀಡ್ ಗ್ರೌಂಡಿಗೆ ತಾಗಿದರೆ ಆ ಮ್ಯಾಗ್ನೆಟೋ ಸತ್ತಂತೆ, ಇಗ್ನಿಷನ್ ಸ್ವಿಚ್ ಮಾಡುವುದೂ ಅದನ್ನೇ. ಹಾಗಾಗಿ ಅಲ್ಲಿಂದ ತಂತಿ ತೆಗೆದರೆ ರೆಸಿಸ್ಟರ್ ಬೇಕೇ ಬೇಕು, ಡೈನನ್ ಸೂಚಿಸುವುದು 30 ಸಾವಿರ ಓಮ್. ಆ ರೆಸಿಸ್ಟರ್ ಪಿ-ಲೀಡ್‌ಗೆ ಅಂಟಿಕೊಂಡೇ ಇರಲಿ. ಪೆಟ್ಟಿಗೆಯ ಬದಿಯಲ್ಲಿ ಹಾಕಿದರೆ ನಡುವಿನ ಇಡೀ ತಂತಿ ಪಿ-ಲೀಡ್‌ನ ಭಾಗವಾಗುತ್ತದೆ, ಅದು ಎಲ್ಲಿ ಸವೆದು ತಾಗಿದರೂ ಮ್ಯಾಗ್ನೆಟೋ ನಿಲ್ಲುತ್ತದೆ. ಎಂಜಿನ್ನನ್ನು ಕಾಯಲು ಹಾಕಿದ ತಂತಿ ಎಂಜಿನ್ನಿಗೇ ಕುತ್ತಾಗಬಾರದು. ಎಡ, ಬಲ ಎರಡೂ ಮ್ಯಾಗ್ನೆಟೋಗಳಿಂದ ಸಿಗ್ನಲ್ ತನ್ನಿ, ಇಲ್ಲದಿದ್ದರೆ ಹಾರುವ ಮುನ್ನ ಮ್ಯಾಗ್ನೆಟೋ ಪರೀಕ್ಷಿಸುವಾಗ ಬೇಕಾದ ಅಂಕಿಯೇ ಮಾಯವಾಗುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದರದ್ದೇ ಟ್ಯಾಕ್ (ಆರ್‌ಪಿಎಂ) ತಂತಿ ಬಳಸಿ.

ಕರೆಂಟ್ ಅಳೆಯಲು ಶಂಟ್ ಅಥವಾ ಹಾಲ್ ಸೆನ್ಸರ್. ಶಂಟ್ ಎಂದರೆ ಮುಖ್ಯ ತಂತಿಯ ನಡುವೆ ಕೂರುವ ಸಣ್ಣ ರೆಸಿಸ್ಟರ್. ನಿಖರತೆ ಚೆನ್ನ, ಸೊನ್ನೆ ಸರಿಯುವುದಿಲ್ಲ. ಆದರೆ ಅದರ ಎರಡು ಸಣ್ಣ ತಂತಿಗಳಲ್ಲೂ ಬಸ್ಸಿನ ಪೂರ್ತಿ ವೋಲ್ಟೇಜ್ ಇರುತ್ತದೆ. ಶಂಟ್‌ನ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಎರಡಕ್ಕೂ ಹಾಕಿ, ಬಿಟ್ಟರೆ ಅದು ಬೆಂಕಿಯ ಬತ್ತಿ. ಹಾಲ್ ಸೆನ್ಸರಿನಲ್ಲಿ ಮುಖ್ಯ ತಂತಿ ರಂಧ್ರದ ಮೂಲಕ ಹಾದುಹೋಗುತ್ತದೆ ಅಷ್ಟೆ, ಕತ್ತರಿಸುವುದೇ ಬೇಡ. ಕೆಲವು ಆಂಪಿಯರ್ ಆಚೀಚೆಯಾದರೂ ಆಲ್ಟರ್ನೇಟರ್ ಬದುಕಿದೆಯೇ ಎಂದು ಅದು ಹೇಳುತ್ತದೆ, ನಮಗೆ ಬೇಕಾದ್ದೂ ಅಷ್ಟೇ. ನಿಮ್ಮ ಪೆಟ್ಟಿಗೆ ಒಪ್ಪಿದರೆ ಹಾಲ್ ಸೆನ್ಸರ್ ಹಾಕಿ.

ತಂತಿ, ಪಿನ್ನು, ಫೈರ್‌ವಾಲ್

ತಂತಿ ಟೆಫ್ಜೆಲ್ ಹೊದಿಕೆಯದ್ದೇ ಇರಲಿ: 150 ಡಿಗ್ರಿ ಸೆಲ್ಸಿಯಸ್, 600 ವೋಲ್ಟ್ ಮಟ್ಟದ್ದು, ಸೆನ್ಸರ್‌ಗಳಿಗೆ 22 ಗೇಜ್ ಸಾಕು. ಅಂಗಡಿಯ ಪಿವಿಸಿ ತಂತಿ ಸುಟ್ಟಾಗ ಉಸಿರುಗಟ್ಟಿಸುವ ಹೊಗೆ ಕ್ಯಾಬಿನ್ನಿಗೇ ಬರುತ್ತದೆ, ಅದರ ವಿಚಾರ ಮಾಡುವುದೂ ಬೇಡ.

ಸಿದ್ಧ ಹಾರ್ನೆಸ್ ಕೊಳ್ಳಬೇಕೋ, ತಾವೇ ಕಟ್ಟಬೇಕೋ? ಸಿದ್ಧವಾದದ್ದರಲ್ಲಿ ಪೆಟ್ಟಿಗೆ ಬದಿಯ ಪಿನ್ನುಗಳು ಚೊಕ್ಕವಾಗಿರುತ್ತವೆ, ವಾರಗಟ್ಟಲೆ ಸಮಯ ಉಳಿಯುತ್ತದೆ. ಡಿ-ಸಬ್ ಪಿನ್ ಕ್ರಿಂಪ್ ಮಾಡುವ ನಾಲ್ಕು ಹಲ್ಲಿನ ಒಳ್ಳೆಯ ಉಪಕರಣ ನಿಮ್ಮ ಬಳಿ ಇಲ್ಲದಿದ್ದರೆ ಹಾರ್ನೆಸ್ ಕೊಳ್ಳಿ. ಇದ್ದರೆ ನೀವೇ ಕಟ್ಟಿ, ಯಾಕೆಂದರೆ ಮುಂದೆ ದೋಷ ಹುಡುಕುವವರೂ ನೀವೇ. ಎರಡರಲ್ಲೂ ಪ್ರತಿ ತಂತಿಯ ಎರಡು ತುದಿಗೂ ಹೆಸರು ಬರೆದ ಸ್ಲೀವ್ ಹಾಕಿ. ಎಲ್ಲ ಬಿಳಿ ತಂತಿಯೇ ಆಗಿರುವಾಗ ಹೆಸರಿಲ್ಲದಿದ್ದರೆ ಮುಂದಿನ ವರ್ಷ ಯಾವುದು ಯಾವುದೆಂದು ನಿಮಗೇ ತಿಳಿಯುವುದಿಲ್ಲ.

ಫೈರ್‌ವಾಲ್ ದಾಟಲು ರಬ್ಬರ್ ಗ್ರಾಮೆಟ್ ಸಾಲದು. ಅದು ಕೆಲವೇ ಕ್ಷಣದಲ್ಲಿ ಉರಿದುಹೋಗಿ ರಂಧ್ರ ತೆರೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ, ಅದರ ಮೇಲೆ ಫೈರ್‌ಸ್ಲೀವ್, ಒಳಗೆ ಬೆಂಕಿ ತಡೆಯುವ ಸೀಲಂಟ್, ತುದಿಗೆ ಕ್ಲ್ಯಾಂಪ್. ಎಂಜಿನ್ ಮೌಂಟಿನ ಕೊಳವೆಗಳಿಗೆ ಪ್ಲಾಸ್ಟಿಕ್ ಟೈ ಕಟ್ಟಬೇಡಿ. ಕಂಪನದಲ್ಲಿ ದೂಳು ಸೇರಿ ಆ ನೈಲಾನ್ ಉಕ್ಕನ್ನೇ ಗರಗಸದಂತೆ ಕೊರೆಯುತ್ತದೆ. ರಬ್ಬರ್ ಒಳಪದರದ ಅಡೆಲ್ ಕ್ಲ್ಯಾಂಪ್ ಹಾಕಿ. ಥರ್ಮೋಕಪಲ್ ಕಟ್ಟನ್ನು ಸ್ಪಾರ್ಕ್ ಪ್ಲಗ್ ತಂತಿಗಳಿಂದ ದೂರವಿಡಿ.

ಕೌಲಿಂಗ್ ಮುಚ್ಚುವ ಮೊದಲು

ರಾತ್ರಿಯಿಡೀ ನಿಂತು ತಣ್ಣಗಾದ ವಿಮಾನದಲ್ಲಿ ಮಾಸ್ಟರ್ ಸ್ವಿಚ್ ಹಾಕಿದರೆ ಎಂಟೂ ಥರ್ಮೋಕಪಲ್‌ಗಳು ಒಂದೇ ಅಂಕಿ, ಹ್ಯಾಂಗರಿನ ಗಾಳಿಯ ತಾಪವನ್ನೇ ತೋರಿಸಬೇಕು. ಬಳಿಕ ಸಿಎಚ್‌ಟಿ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ. ಸಮುದ್ರಮಟ್ಟದಲ್ಲಿ 100 ಬರಬೇಕು. 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ, ಡೆನ್ವರ್‌ನಲ್ಲಿ 95ರ ಆಸುಪಾಸು. ನಿಮ್ಮ ಊರಿನ ಎತ್ತರಕ್ಕೆ ತಕ್ಕಂತೆ ಹೋಲಿಸಿ. ಇದು ಸೆನ್ಸರಿನ ಪರೀಕ್ಷೆ ಮಾತ್ರ, ತಾಮ್ರ ಸೇರಿದ್ದನ್ನು ಅಥವಾ ಎರಡು ಕಡೆ ತಿರುಗಿದ್ದನ್ನು ಇದು ಹಿಡಿಯುವುದಿಲ್ಲ. ಅದಕ್ಕೆ ಸೆನ್ಸರನ್ನು ತಣ್ಣಗೇ ಬಿಟ್ಟು, ಎಂಜಿನ್ ಬದಿಯಲ್ಲಿ ನೀವು ಮಾಡಿದ ಪ್ರತಿ ಕೂಡುಗೆಗೂ ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಒಂದೆರಡು ನಿಮಿಷ ಹಿಡಿಯಿರಿ, ಇನ್ನೊಬ್ಬರನ್ನು ಪರದೆಯ ಮುಂದೆ ಕೂರಿಸಿ. ಅಂಕಿ ಕದಲದಿದ್ದರೆ ಜೋಡಿ ಸರಿಯಾಗಿದೆ. ಇಳಿಯತೊಡಗಿದರೆ ಆ ಕೂಡುಗೆಯನ್ನು ಬಿಚ್ಚಿ, ಅಯಸ್ಕಾಂತ ಹಿಡಿದು ಎರಡು ಬದಿಯ ತಂತಿಗಳನ್ನೂ ಮತ್ತೆ ಗುರುತಿಸಿ.